ಕೆಟ್ಟ ಹುಬ್ಬು ಮತ್ತು ನಮ್ಮ ನಾಲಗೆ

ನಮ್ಮ ನಲ್ಲೂರಿನಲ್ಲಿ ವಾರಕ್ಕೊಮ್ಮೆ ನಡೆಯುವ ಮಹಿಳೆಯರ ಕುರ್‌ಆನ್ ತರಗತಿಗೆ ಒಬ್ಬ ಯುವ ಸಹೋದರಿ ಸುಮಾರು ಮೂರು ತಿಂಗಳ ಕಾಲ ಬರಲಿಲ್ಲ. ಅಡಿಕೆ ಸುಗ್ಗಿಯ ದಿನಗಳಾದುದರಿಂದ ಸುಲಿಯುವ, ಬೇಯಿಸುವ ಕೆಲಸದಲ್ಲಿ ಬಿಡುವಿಲ್ಲದಿರಬಹುದೆಂದು ಎಲ್ಲರೂ ಭಾವಿಸಿದ್ದರು. ನಮ್ಮ ಮನೆಯ ಹಿರಿಯ ಹೆಂಗಸರು ಒಂದು ದಿನ ವಿಚಾರಿಸಲು ಹೋದಾಗ ಆಕೆ ದುಪಟ್ಟಾವನ್ನು ಕಣ್ಣಿನವರೆಗೂ ಎಳೆದುಕೊಂಡು ಹೊರಗೆ ಬಂದಳು. ಬಹಳ ಹೊತ್ತು ಮಾತಾಡಿದ ಮೇಲೆ ಅದನ್ನು ಸರಿಸಿ ತೋರಿಸಿದಳು. ಎರಡು ಹುಬ್ಬುಗಳೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಎಡಗಡೆಯದು ಬಲಗಡೆಯದಕ್ಕಿಂತ ಮೇಲಕ್ಕೇರಿತ್ತು. ಆ ತಪ್ಪನ್ನು ಮುಚ್ಚಲೆಂದು ಮೈಬಣ್ಣದ ಶಾಯಿ ತುಂಬಿದ್ದ ಜಾಗವು ತೇಪೆ ಹಾಕಿದ ಗೋಡೆಯಂತೆ ಬೇರೆಯಾಗಿಯೇ ಎದ್ದು ಕಾಣುತ್ತಿತ್ತು.

ನಡೆದದ್ದು ಇಷ್ಟು. ಹೆಣ್ಣು ನೋಡಲು ಬಂದವರ ಪೈಕಿ ಒಬ್ಬ ಮಹಿಳೆ, ಹುಡುಗಿಯ ಎದುರಿಗೇ, ಮುಖವೇನೋ ಚೆನ್ನಾಗಿದೆ, ಹುಬ್ಬು ಮಾತ್ರ ಇದೆಯೋ ಇಲ್ಲವೋ ಎಂಬಂತಿದೆ ಎಂದು ನಕ್ಕರು. ಸಂಬಂಧ ಕುದುರಿತು, ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಮದುವೆಗೆ ಮೊದಲು ಗೆಳತಿಯೊಬ್ಬಳೊಂದಿಗೆ ಪಟ್ಟಣದ ಒಂದು ಬ್ಯೂಟಿ ಪಾರ್ಲರಿಗೆ ಹೋಗಿ 8 ಸಾವಿರ ರೂಪಾಯಿ ಕೊಟ್ಟು ‘ಮೈಕ್ರೋಬ್ಲೇಡಿಂಗ್’ ಮಾಡಿಸಿಕೊಂಡಳು. ಇದು ಹಚ್ಚೆಯಲ್ಲ, ಸೆಮಿ ಪರ್ಮನೆಂಟ್, ವರ್ಷದೊಳಗೆ ತಾನಾಗಿ ಮಾಯವಾಗುತ್ತದೆ ಎಂದು ಅಲ್ಲಿ ಭರವಸೆ ಕೊಟ್ಟರು. ಒಂದು ಹುಬ್ಬು ಓರೆಯಾದಾಗ ಅದೇ ಪಾರ್ಲರಿನವರು ಇನ್ನಷ್ಟು ಹಣ ಪಡೆದು ಮೇಲಿನಿಂದ ಮೈಬಣ್ಣ ತುಂಬಿದರು. ಮದುವೆಯೂ ಆಯಿತು, ವರ್ಷವೂ ಕಳೆಯಿತು, ಹುಬ್ಬು ಮಾತ್ರ ಹೋಗಲಿಲ್ಲ.

ಇಷ್ಟಾಗಿದ್ದರೆ ನಾವು ಈ ವಿಷಯವನ್ನು ಎತ್ತಿಕೊಳ್ಳುತ್ತಿದ್ದೆವೋ ಇಲ್ಲವೋ. ಆಕೆ ತರಗತಿ ಬಿಟ್ಟದ್ದಕ್ಕೆ ಕಾರಣ ಹುಬ್ಬಿಗಿಂತ ಹೆಚ್ಚಾಗಿ ಅಲ್ಲಿ ಕೇಳಿದ ಮಾತು. ಹುಬ್ಬು ತಿದ್ದುವವರ ಮತ್ತು ಹಚ್ಚೆ ಹಾಕಿಸಿಕೊಳ್ಳುವವರ ಮೇಲಿನ ಶಾಪದ ಹದೀಸನ್ನು ಒಬ್ಬರು ಆಕೆಯ ಮುಖವನ್ನೇ ನೋಡುತ್ತ ಓದಿದರು. ಇನ್ನೊಬ್ಬರು, ಅದನ್ನು ಕೆರೆದು ತೆಗೆಯುವವರೆಗೆ ನಿನ್ನ ವುಝೂ ಸಿಂಧುವಲ್ಲ, ನಮಾಝ್ ಸ್ವೀಕೃತವಲ್ಲ ಎಂದರು. ಹುಡುಗಿ ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿ, ಹಚ್ಚೆ ಸುಡುವ ಆಮ್ಲದ ಒಂದು ಸಣ್ಣ ಬಾಟಲಿಯನ್ನು ತರಿಸಿಕೊಂಡಿದ್ದಳು. ನಮ್ಮವರು ಹೋದಾಗ ಅದು ಕಪಾಟಿನಲ್ಲಿ ಬಟ್ಟೆಗಳ ಅಡಿಯಲ್ಲಿತ್ತು. ಮುಚ್ಚಳ ತೆರೆದಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್.

ಆ ಬಾಟಲಿಯನ್ನು ಆಕೆಯ ಕೈಗೆ ಕೊಟ್ಟವರು ಯಾರು ಎಂಬ ಪ್ರಶ್ನೆ ನಮ್ಮನ್ನು ಅನೇಕ ದಿನ ಕಾಡಿತು. ಮಾರಿದ ಅಂಗಡಿಯ ಪಾಲು ಅದರಲ್ಲಿ ಬಹಳ ಸಣ್ಣದು.

ಮೊದಲು ಧರ್ಮದ ವಿಧಿಯನ್ನು ಮರೆಮಾಚದೆ ಹೇಳೋಣ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ಅವರಿಂದ ವರದಿಯಾಗಿ ಸಹೀಹ್ ಬುಖಾರಿ ಮತ್ತು ಸಹೀಹ್ ಮುಸ್ಲಿಮ್‌ಗಳಲ್ಲಿ ದಾಖಲಾಗಿರುವ ಹದೀಸ್, ಚೆಲುವಿಗಾಗಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವ ಹಚ್ಚೆ ಮತ್ತು ಹುಬ್ಬು ಕೀಳುವ ಕ್ರಿಯೆಗಳನ್ನು ಕಠಿಣವಾಗಿ ನಿಷೇಧಿಸುತ್ತದೆ. ಮಾಡುವವರಿಗೂ ಮಾಡಿಸಿಕೊಳ್ಳುವವರಿಗೂ ಎಚ್ಚರಿಕೆ ಒಂದೇ. ಸೂಜಿಯಿಂದ ಚರ್ಮದೊಳಗೆ ಬಣ್ಣ ಸೇರಿಸುವ ಮೈಕ್ರೋಬ್ಲೇಡಿಂಗನ್ನು ಇಂದಿನ ಬಹುಪಾಲು ವಿದ್ವಾಂಸರು ಹಚ್ಚೆಯ ಗುಂಪಿಗೇ ಸೇರಿಸಿದ್ದಾರೆ. ಹೆಸರು ಹೊಸದಾದ ಮಾತ್ರಕ್ಕೆ ವಿಧಿ ಬದಲಾಗುವುದಿಲ್ಲ. ಇದರಲ್ಲಿ ನಮಗೆ ಸಂದೇಹವಿಲ್ಲ ಮತ್ತು ಓದುಗರಲ್ಲಿ ಸಂದೇಹ ಹುಟ್ಟಿಸುವ ಉದ್ದೇಶವೂ ಇಲ್ಲ.

ಆದರೆ ಅದೇ ವರದಿಯ ಉತ್ತರಾರ್ಧವನ್ನು ನಮ್ಮ ಸಭೆಗಳಲ್ಲಿ ಓದುವವರು ಕಡಿಮೆ. ಬನೂ ಅಸದ್ ಗೋತ್ರದ ಉಮ್ಮು ಯಾಕೂಬ್ ಎಂಬ ಮಹಿಳೆ ಇಬ್ನು ಮಸ್‌ಊದ್(ರ) ಅವರ ಬಳಿಗೆ ಬಂದು, ಇದನ್ನು ನೀವು ಎಲ್ಲಿಂದ ಹೇಳುತ್ತೀರಿ, ನಾನು ಕುರ್‌ಆನನ್ನು ಆದ್ಯಂತ ಓದಿರುವೆನಲ್ಲಾ ಎಂದು ಪ್ರಶ್ನಿಸಿದರು. ಅವರು ಸಿಡುಕಲಿಲ್ಲ. ಪ್ರವಾದಿಯವರು(ಸ) ಕೊಟ್ಟದ್ದನ್ನು ಸ್ವೀಕರಿಸುವಂತೆ ಆಜ್ಞಾಪಿಸುವ ಅಲ್‌ಹಶ್ರ್ ಅಧ್ಯಾಯದ ಸೂಕ್ತವನ್ನು ಆಧಾರವಾಗಿ ತೋರಿಸಿದರು. ಆಗ ಆಕೆ, ನಿಮ್ಮ ಪತ್ನಿಯಲ್ಲಿಯೇ ಇಂತಹದೇನೋ ಇರುವಂತಿದೆ ಎಂದರು. ಹೋಗಿ ನೋಡಿಕೊಂಡು ಬನ್ನಿ ಎಂದು ಇಬ್ನು ಮಸ್‌ಊದ್(ರ) ತಮ್ಮ ಮನೆಯ ಬಾಗಿಲನ್ನೇ ತೆರೆದುಕೊಟ್ಟರು. ಆಕೆ ಹೋಗಿ ನೋಡಿದರು, ಏನೂ ಇರಲಿಲ್ಲ. ಪ್ರಶ್ನೆ ಕೇಳುವ ಹೆಣ್ಣಿಗೆ ಉತ್ತರ ಕೊಡುವ ತಾಳ್ಮೆ ಮತ್ತು ತನ್ನ ಮನೆಯನ್ನು ಪರೀಕ್ಷೆಗೆ ಒಡ್ಡುವ ಧೈರ್ಯ, ಇವೆರಡೂ ಇದ್ದವರ ಬಾಯಿಂದ ಆ ಹದೀಸ್ ನಮಗೆ ತಲುಪಿದೆ.

ಇನ್ನೊಂದು ಘಟನೆ ಅಬೂದಾವೂದ್ ಸಂಗ್ರಹದಲ್ಲಿದೆ. ಜಾಬಿರ್(ರ) ವರದಿ ಮಾಡಿದ್ದಾರೆ. ಪ್ರಯಾಣದಲ್ಲಿದ್ದ ಒಬ್ಬನ ತಲೆಗೆ ಕಲ್ಲು ಬಡಿದು ಗಾಯವಾಯಿತು. ಆತನಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಮಾಡಿಕೊಳ್ಳಬಹುದೇ ಎಂದು ಜೊತೆಗಾರರನ್ನು ಕೇಳಿದನು. ನೀರು ಇರುವಾಗ ನಿನಗೆ ರಿಯಾಯಿತಿ ಇಲ್ಲ ಎಂದರು ಅವರು. ಆತ ಸ್ನಾನ ಮಾಡಿದನು, ಸತ್ತುಹೋದನು. ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಆ ಸಾವಿನ ಹೊಣೆಯನ್ನು ಜೊತೆಗಾರರ ಮೇಲೆಯೇ ಹೊರಿಸಿ ತೀವ್ರವಾಗಿ ಖಂಡಿಸಿದರು. ಗೊತ್ತಿಲ್ಲದಿದ್ದರೆ ಅವರು ಕೇಳಿ ತಿಳಿದುಕೊಳ್ಳಬೇಕಾಗಿತ್ತು. ಆ ಜೊತೆಗಾರರು ಕೆಟ್ಟವರಾಗಿರಲಿಲ್ಲ. ಧರ್ಮನಿಷ್ಠರೇ ಆಗಿದ್ದರು. ಗಾಯವನ್ನು ನೋಡದೆ ವಿಧಿಯನ್ನು ಮಾತ್ರ ನೋಡಿದರು. ನಮ್ಮ ತರಗತಿಯಲ್ಲಿ ‘ಕೆರೆದು ತೆಗೆ’ ಎಂದವರೂ ಕೆಟ್ಟವರಲ್ಲ ಎಂಬುದನ್ನು ನಾವು ಬಲ್ಲೆವು.

ಆದುದರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ. ಹಚ್ಚೆಯ ಬಣ್ಣ ಚರ್ಮದ ಮೇಲೆ ಪೊರೆಯಂತೆ ಕುಳಿತಿರುವುದಿಲ್ಲ, ಅದು ಚರ್ಮದ ಒಳಪದರದಲ್ಲಿರುತ್ತದೆ. ವುಝೂವಿನ ನೀರು ತಲುಪಬೇಕಾದದ್ದು ಚರ್ಮದ ಮೇಲ್ಮೈಗೆ, ಅದು ತಲುಪುತ್ತದೆ. ಉಗುರುಬಣ್ಣ ನೀರನ್ನು ತಡೆಯುವಂತೆ ಇದು ತಡೆಯುವುದಿಲ್ಲ. ನಮ್ಮ ದಾವಣಗೆರೆ ಸೀಮೆಯಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬ್‌ನ ವಿದ್ವಾಂಸರು, ತೊಳೆದ ಮೇಲೆ ಆ ಜಾಗ ಶುದ್ಧವೆಂದೂ ಚರ್ಮ ಕಿತ್ತು ಬಣ್ಣ ತೆಗೆಯಬೇಕಾಗಿಲ್ಲವೆಂದೂ ಹೇಳಿದ್ದಾರೆ. ಕರಾವಳಿಯಲ್ಲಿ ಪ್ರಚಲಿತವಿರುವ ಶಾಫಿಈ ಮದ್‌ಹಬ್ ಈ ವಿಷಯದಲ್ಲಿ ಹೆಚ್ಚು ಕಠಿಣ. ತೆಗೆಯಲು ಸಾಧ್ಯವಿದ್ದರೆ ತೆಗೆಯಬೇಕೆನ್ನುತ್ತದೆ. ಆದರೆ ಅಲ್ಲಿಯೂ ಇಮಾಮ್ ನವವಿಯವರಂತಹ ವಿದ್ವಾಂಸರು, ತೆಗೆಯುವುದರಿಂದ ಅಂಗಕ್ಕೆ ಹಾನಿಯಾಗುವ ಅಥವಾ ಮುಖದಂತಹ ಭಾಗ ವಿಕಾರಗೊಳ್ಳುವ ಭಯವಿದ್ದರೆ ತೆಗೆಯಬೇಕಾದ ಕಡ್ಡಾಯವಿಲ್ಲ, ಪ್ರಾಮಾಣಿಕ ತೌಬಾ ಸಾಕು ಎಂದು ಸ್ಪಷ್ಟಪಡಿಸಿದ್ದಾರೆ. ಹಾಗಿರುವಾಗ ಮುಖವನ್ನು ಸುಟ್ಟುಕೊಂಡಾದರೂ ಶುದ್ಧಳಾಗು ಎಂದು ಒಬ್ಬ ಹುಡುಗಿಗೆ ಹೇಳುವ ಅಧಿಕಾರ ಎರಡು ಮದ್‌ಹಬ್‌ಗಳ ಯಾರಿಗೂ ಇಲ್ಲ.

ಇನ್ನು, ಇದು ಹಚ್ಚೆಯಲ್ಲ ಎಂಬ ಪಾರ್ಲರಿನ ಮಾತು. ನಮ್ಮ ಭಾಗದ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನ ಅಜ್ಜಿಯಂದಿರ ಮುಂಗೈ ಮೇಲೆ, ಹುಬ್ಬುಗಳ ನಡುವೆ ಕೊರವಂಜಿಯರು ಹಾಕಿದ ಹಚ್ಚೆಯನ್ನು ಈಗಲೂ ಕಾಣಬಹುದು. ಹುಯ್ದದ್ದು ದೀಪದ ಕಪ್ಪು ಕಾಡಿಗೆಯಾದರೂ ಚರ್ಮದ ಒಳಗಿನಿಂದ ಅದು ಹಸಿರು ಮಿಶ್ರಿತ ನೀಲಿಯಾಗಿ ತೋರುತ್ತದೆ. ಹಚ್ಚೆ ಎಂಬ ಪದವೇ ಹಸಿರೆಂಬ ಅರ್ಥದ ಪಚ್ಚೆಯಿಂದ ಬಂದದ್ದು. ಚರ್ಮದೊಳಗೆ ಸೇರಿದ ಬಣ್ಣ ಹೊರಗಿದ್ದ ಬಣ್ಣವಾಗಿ ಉಳಿಯುವುದಿಲ್ಲ ಎಂಬುದನ್ನು ನಮ್ಮ ಅಜ್ಜಿಯಂದಿರ ಭಾಷೆ ಮೊದಲೇ ಕಂಡುಕೊಂಡಿತ್ತು. ಮೈಕ್ರೋಬ್ಲೇಡಿಂಗ್ ಎಂದರೂ ಪೌಡರ್ ಬ್ರೋ ಎಂದರೂ ನಡೆಯುವುದು ಇದೇ. ಮೈಕ್ರೋಬ್ಲೇಡಿಂಗ್‌ನಲ್ಲಿ ಸಾಲಾಗಿ ಜೋಡಿಸಿದ ಸೂಕ್ಷ್ಮ ಸೂಜಿಗಳ ಕೈಸಾಧನದಿಂದ ಕೂದಲೆಳೆಯಂತೆ ಚರ್ಮವನ್ನು ಗೀರಿ ಬಣ್ಣ ತುಂಬುತ್ತಾರೆ. ಮೇಲ್ಪದರದಲ್ಲಿ ಮಾತ್ರ ಉಳಿದರೆ ಅದು ಸಾಮಾನ್ಯವಾಗಿ 1ರಿಂದ 3 ವರ್ಷಗಳಲ್ಲಿ ಮಾಸುತ್ತದೆ. ಕೈ ಒಂದಿಷ್ಟು ಹೆಚ್ಚು ಒತ್ತಿದರೆ ಬಣ್ಣ ಆಳಕ್ಕಿಳಿದು ಹಲವು ವರ್ಷ ಉಳಿಯುತ್ತದೆ, ಗೆರೆಗಳು ಹರಡಿ ಮಸುಕಾಗುತ್ತವೆ. ಹುಬ್ಬಿನ ಮೇಲಿನ ಚರ್ಮವೇನೂ ದಪ್ಪವಲ್ಲ. ಎಣ್ಣೆಯ ಚರ್ಮದವರಲ್ಲಿ ಗೆರೆ ಇನ್ನೂ ಬೇಗ ಕಲಸಿಹೋಗುತ್ತದೆ.

ಇಟ್ಟಿಗೆಯ ಬಣ್ಣ ಬಂದದ್ದೇಕೆ? ಕಂದು ಶಾಯಿ ಒಂದೇ ಬಣ್ಣವಲ್ಲ, ಹಲವು ಬಣ್ಣಗಳ ಮಿಶ್ರಣ. ಅನೇಕ ಶಾಯಿಗಳಲ್ಲಿ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳಿರುತ್ತವೆ, ಅಂದರೆ ತುಕ್ಕಿನ ಜಾತಿಯ ವಸ್ತುಗಳು. ಬಿಸಿಲಿಗೂ ಕಾಲಕ್ಕೂ ಉಳಿದವು ಮಾಸಿ ಕೆಂಪು ಹಿಂದೆ ಉಳಿಯುತ್ತದೆ. ಇಂಗಾಲದ ಕಪ್ಪು ಆಳಕ್ಕೆ ಇಳಿದಿದ್ದರೆ ಅದೇ ಹುಬ್ಬು ಅಜ್ಜಿಯ ಹಚ್ಚೆಯಂತೆ ನೀಲಿ ಬೂದಿಯಾಗುತ್ತದೆ. ಈ ಶಾಯಿಯಲ್ಲಿ ಏನಿರಬೇಕು, ಏನಿರಬಾರದು ಎಂಬ ಬಗ್ಗೆ ಯುರೋಪಿಯನ್ ಒಕ್ಕೂಟ 2022ರ ಜನವರಿ 4ರಿಂದ ಕಟ್ಟುನಿಟ್ಟಿನ ನಿರ್ಬಂಧಗಳನ್ನು ಜಾರಿಗೆ ತಂದಿದೆ, ಅವು ಹುಬ್ಬಿನ ಶಾಯಿಗೂ ಅನ್ವಯಿಸುತ್ತವೆ. ನಮ್ಮಲ್ಲಿ 2025ರಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಹಚ್ಚೆ ಶಾಯಿಗಳಲ್ಲಿನ ಭಾರಲೋಹಗಳ ವಿಷಯವನ್ನು ಎತ್ತಿ, ಕೇಂದ್ರದ ಗಮನಕ್ಕೆ ತರುವುದಾಗಿ ಹೇಳಿದ್ದರು. ಅಲ್ಲಿಯವರೆಗೆ ಪಾರ್ಲರಿನ ಮೇಜಿನ ಮೇಲಿರುವ ಬಾಟಲಿಯ ಚೀಟಿಯನ್ನು ಓದುವ ಹೊಣೆ ಗಿರಾಕಿಯದೇ. ಓದಿ ಅರ್ಥವಾಗುವ ಚೀಟಿ ಅದರ ಮೇಲೆ ಇದ್ದರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆಟ್ಟುಹೋದ ಹುಬ್ಬನ್ನು ಇಟ್ಟುಕೊಂಡಿರುವ ಸಹೋದರಿ ಏನು ಮಾಡಬೇಕು? ದಾವಣಗೆರೆ ಮತ್ತು ಶಿವಮೊಗ್ಗದ ಚರ್ಮವೈದ್ಯರನ್ನು ವಿಚಾರಿಸಿದಾಗ ನಮಗೆ ಮೊದಲು ಸಿಕ್ಕಿದ ಉತ್ತರ, ಅದರ ಮೇಲೆ ಇನ್ನೇನನ್ನೂ ಹಾಕಿಸಬೇಡಿ ಎಂಬುದು. ನಮ್ಮ ಈ ಸಹೋದರಿಯ ವಿಷಯದಲ್ಲಿ ಹೆಚ್ಚಿನ ಹಾನಿ ಮಾಡಿದ್ದು ಮೊದಲ ಸಲದ ಕೆಲಸಕ್ಕಿಂತ ಎರಡನೆಯ ಸಲದ ‘ಸರಿಪಡಿಸುವಿಕೆ’. ತಪ್ಪನ್ನು ಮುಚ್ಚಲು ಬಳಸುವ ಮೈಬಣ್ಣದ ಅಥವಾ ಬಿಳಿಯ ಶಾಯಿಯಲ್ಲಿ ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ನಮ್ಮ ಗೋಡೆಯ ಬಿಳಿ ಪೇಂಟಿನಲ್ಲಿರುವ ವಸ್ತುವೇ ಅದು. ಚರ್ಮದೊಳಗೆ ಕೆಲಕಾಲ ಕಳೆದ ಮೇಲೆ ಅದು ಹಳದಿ ತೇಪೆಯಂತೆ ಕಾಣಬಹುದು. ಅದಕ್ಕಿಂತ ದೊಡ್ಡ ತೊಂದರೆ ಮುಂದೆ ಲೇಸರ್ ಚಿಕಿತ್ಸೆಗೆ ಹೋದಾಗ ತಿಳಿಯುತ್ತದೆ. ಲೇಸರ್ ಬಿದ್ದ ಕ್ಷಣದಲ್ಲಿಯೇ ಈ ಬಿಳಿಯೂ ಐರನ್ ಆಕ್ಸೈಡ್‌ನ ಕೆಂಪೂ ರಾಸಾಯನಿಕವಾಗಿ ಬದಲಾಗಿ ಬೂದು ಅಥವಾ ಕಪ್ಪಾಗಿಬಿಡುವುದುಂಟು. ತೆಳುವಾಗಲೆಂದು ಹೋದ ಹುಬ್ಬು ಇನ್ನೂ ಗಾಢವಾಗಿ ಹಿಂದಿರುಗುತ್ತದೆ. ಹಾಗೆ ಕಪ್ಪಾದುದನ್ನು ಮುಂದಿನ ಸಲಗಳಲ್ಲಿ ತೆಗೆಯಬಹುದಾದರೂ ದಾರಿ ದೀರ್ಘವಾಗುತ್ತದೆ. ಆದ್ದರಿಂದ ತಿಳಿದ ವೈದ್ಯರು ಮೊದಲು ಮೂಲೆಯ ಒಂದು ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷಿಸಿ, ಕಾದು ನೋಡಿ, ನಂತರವೇ ಮುಂದುವರಿಯುತ್ತಾರೆ. ಒಂದೇ ದಿನದಲ್ಲಿ ಪೂರ್ತಿ ತೆಗೆದುಕೊಡುತ್ತೇವೆ ಎನ್ನುವವರ ಬಳಿ ಕೂರದಿರುವುದೇ ಕ್ಷೇಮ.

ಅನೇಕ ಸಂದರ್ಭಗಳಲ್ಲಿ ಅತ್ಯುತ್ತಮ ಚಿಕಿತ್ಸೆ ಕಾಯುವುದು. ಮೊದಲ ವಾರಗಳಲ್ಲಿ ಹುಬ್ಬು ಕಾಡಿಗೆ ಬಳಿದಷ್ಟು ಕಪ್ಪಾಗಿ ಕಂಡು ಗಾಬರಿ ಹುಟ್ಟಿಸುತ್ತದೆ, ಹೊಕ್ಕು ಉದುರಿದ ಮೇಲೆ ತಾನಾಗಿ ತಿಳಿಯಾಗುತ್ತದೆ. ಗಾಯ ಪೂರ್ತಿ ಮಾಗಲು ಒಂದು ಒಂದೂವರೆ ತಿಂಗಳು ಬೇಕು. ಅದಕ್ಕೆ ಮೊದಲು ಯಾವ ತಿದ್ದುಪಡಿಗೂ ಅವಸರಪಡಬಾರದು. ಹೊಕ್ಕು ಕಟ್ಟಿರುವ ದಿನಗಳಲ್ಲಿ ನೀರು ತಾಗಿಸಬಾರದೆಂದು ವೈದ್ಯರು ಹೇಳಿದರೆ ಅದು ಗಾಯದ ವಿಧಿಗೆ ಸೇರುತ್ತದೆ. ಗಾಯಗೊಂಡವರ ವುಝೂವಿನ ಮಸ್‌ಅಲಾವನ್ನು ಊರಿನ ಆಲಿಮರಲ್ಲಿ ಕೇಳಿಕೊಳ್ಳಬೇಕು. ನಮಾಝ್ ಬಿಡಬೇಕಾಗಿಲ್ಲ.

ಕಾದ ಮೇಲೂ ಉಳಿದರೆ ಚರ್ಮವೈದ್ಯರ ಲೇಸರ್ ಇದೆ. ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಕ್ಯೂ ಸ್ವಿಚ್ಡ್ ಎನ್‌ಡಿ ಯಾಗ್ ಎಂಬ ಲೇಸರ್. ಅದರ 1064 ನ್ಯಾನೋಮೀಟರ್ ಅಲೆಯುದ್ದವು ನಮ್ಮಂತಹ ಕಂದು ಮೈಬಣ್ಣದವರಿಗೆ ಇತರ ಕೆಲವು ಲೇಸರ್‌ಗಳಿಗಿಂತ ಸುರಕ್ಷಿತ. ಅದು ಬಣ್ಣದ ಕಣಗಳನ್ನು ಒಡೆದು ಸಣ್ಣದಾಗಿಸುತ್ತದೆ, ದೇಹವೇ ಅವುಗಳನ್ನು ನಿಧಾನವಾಗಿ ಸಾಗಿಸಿಕೊಂಡು ಹೋಗುತ್ತದೆ. ಈ ಸಾಗಣೆಗೆ ಸಮಯ ಬೇಕಾಗುವುದರಿಂದಲೇ ಎರಡು ಸಲಗಳ ನಡುವೆ ಸಾಮಾನ್ಯವಾಗಿ 6ರಿಂದ 8 ವಾರಗಳ ಅಂತರವಿಡುತ್ತಾರೆ. ಕಣ್ಣಿಗೆ ಇಷ್ಟು ಹತ್ತಿರದ ಕೆಲಸವಾದುದರಿಂದ ಕಣ್ಣಿನ ರಕ್ಷಾಕವಚವಿಲ್ಲದೆ ಯಾರೂ ಲೇಸರ್ ಹಿಡಿಯಬಾರದು. ನಮ್ಮ ಚರ್ಮದಲ್ಲಿ ಚಿಕಿತ್ಸೆಯ ನಂತರ ಕಪ್ಪು ಕಲೆ ಬೀಳುವ ಸಂಭವ ಹೆಚ್ಚು, ಬಿಸಿಲಿಗೆ ಹೋಗದಿರಬೇಕು. ತೋಟದ, ಗದ್ದೆಯ ಕೆಲಸವಿರುವ ಹೆಂಗಸರು ಇದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಗರ್ಭಿಣಿಯರೂ, ಗಾಯ ಮಾಗಿದ ಮೇಲೆ ಗಂಟುಗಂಟಾಗಿ ಕಲೆ ಬೆಳೆಯುವ ಪ್ರಕೃತಿಯವರೂ ಹೇಳಬೇಕು. ಲೇಸರಿನಿಂದ ಸಹಜ ಹುಬ್ಬಿನ ಕೂದಲೂ ಕೆಲಕಾಲ ಬೆಳ್ಳಗಾಗಬಹುದು, ಉದುರಬಹುದು. ಸಾಮಾನ್ಯವಾಗಿ ಮತ್ತೆ ಬರುತ್ತದೆ. ಉಪ್ಪಿನ ದ್ರಾವಣವನ್ನು ಸೂಜಿಯಿಂದ ಸೇರಿಸಿ ಬಣ್ಣವನ್ನು ಹೊಕ್ಕಿನೊಂದಿಗೆ ಹೊರಗೆಳೆಯುವ ಇನ್ನೊಂದು ವಿಧಾನವೂ ಇದೆ. ಅದೂ ಚರ್ಮವನ್ನು ಮತ್ತೊಮ್ಮೆ ಗಾಯಗೊಳಿಸುವ ಕೆಲಸವೇ. ಮೊದಲ ಸಲ ಕೈ ತಪ್ಪಿದವರಿಂದಲೇ ಅದನ್ನು ಮಾಡಿಸಿಕೊಳ್ಳುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಓದುಗರೇ ಯೋಚಿಸಲಿ.

ಆಮ್ಲದ ಬಾಟಲಿ, ನಿಂಬೆರಸ, ಉಪ್ಪು ಹಾಕಿ ಉಜ್ಜುವುದು, ಮಚ್ಚೆ ಸುಡಲು ಕೆಲವರು ಹಚ್ಚುವ ಸುಣ್ಣ, ಇವಾವುದೂ ಬಣ್ಣವಿರುವ ಪದರವನ್ನು ಚರ್ಮಕ್ಕೆ ಪೆಟ್ಟಾಗದಂತೆ ಮುಟ್ಟಲಾರವು. ಸುಡುವುದು ಚರ್ಮ, ಉಳಿಯುವುದು ಕಲೆ. ಅಡಿಕೆ ಸೀಮೆಯ ಮನೆಗಳಲ್ಲಿ ಎಲೆಯಡಿಕೆಯ ತಟ್ಟೆಯಲ್ಲಿ ಸುಣ್ಣ ಸದಾ ಕೈಗೆಟಕುವಂತಿರುತ್ತದೆ, ಅದಕ್ಕಾಗಿ ಒತ್ತಿ ಹೇಳುತ್ತಿದ್ದೇವೆ. ಒಂದು ಚೂರು ಸುಣ್ಣ ಕಣ್ಣಿನೊಳಗೆ ಜಾರಿದರೆ ದೃಷ್ಟಿಯೇ ಹೋಗಬಹುದು. ಹಾಗೇನಾದರೂ ಆದರೆ ತಡಮಾಡದೆ ಶುದ್ಧ ನೀರನ್ನು ಧಾರಾಳವಾಗಿ ಕಣ್ಣಿಗೆ ಹರಿಸುತ್ತಲೇ ಆಸ್ಪತ್ರೆಗೆ ಓಡಬೇಕು. ಕೆಂಪಾದ ಹುಬ್ಬನ್ನು ಮರೆಮಾಡಲು ‘ಕಪ್ಪು ಮೆಹಂದಿ’ ಹಚ್ಚುವ ಅಭ್ಯಾಸವೂ ಅಪಾಯಕರ. ಅದರಲ್ಲಿ ಸಾಮಾನ್ಯವಾಗಿ ಬೆರೆಸುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಗುಳ್ಳೆಯೆದ್ದು ಮುಖ ಊದುವಷ್ಟು ಅಲರ್ಜಿ ಉಂಟುಮಾಡುತ್ತದೆ.

ಚಿಕಿತ್ಸೆಗೆ ಎಲ್ಲಿಗೆ ಹೋಗುವುದೆಂದರೆ, 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ನಮ್ಮ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಈಗಲೂ ನಮ್ಮ ಜನ ಎರಡೂ ಕಡೆಗೆ ಬಸ್ ಹತ್ತುತ್ತಾರೆ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಎರಡರಲ್ಲಿಯೂ ಚರ್ಮವೈದ್ಯರಿಗೆ ಮೊದಲು ತೋರಿಸಬಹುದು. ಸಲಹೆಗೆ ಅಲ್ಲಿ ದೊಡ್ಡ ಖರ್ಚಿಲ್ಲ. ಖಾಸಗಿ ಕ್ಲಿನಿಕ್ಕಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ ನೋಂದಣಿಯಾಗಿದೆಯೇ, ಲೇಸರ್ ಹಿಡಿಯುವವರು ಚರ್ಮವೈದ್ಯರೇ ಅಥವಾ ಮೇಜಿನ ಹಿಂದೆ ಬಿಳಿ ಕೋಟು ಹಾಕಿ ಕುಳಿತ ಬೇರೆ ಯಾರಾದರೂ ಆಗಿದ್ದಾರೆಯೇ ಎಂದು ಕೇಳುವುದರಲ್ಲಿ ನಾಚಿಕೆ ಪಡಬೇಕಾಗಿಲ್ಲ. ಸೂಜಿ ಹೊಸದಾಗಿತ್ತೋ ಇಲ್ಲವೋ ಎಂಬ ಸಂಶಯವಿದ್ದವರು ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಗಳ ಬಗ್ಗೆಯೂ ವೈದ್ಯರಲ್ಲಿ ಕೇಳಲಿ. ಇಂತಹ ಪರೀಕ್ಷೆ ಎಂದೊಡನೆ ಶೀಲವನ್ನು ಶಂಕಿಸುವವರು ನಮ್ಮಲ್ಲಿ ಇದ್ದಾರೆ. ಅವರ ಬಾಯಿಗೆ ಹೆದರಿ ರೋಗವನ್ನು ಮುಚ್ಚಿಡುವುದು ಬೇಡ.

ಹಣದ ವಿಷಯವನ್ನೂ ಹೇಳಲೇಬೇಕು. ಹೆಣ್ಣುಮಕ್ಕಳು ಮನೆಯವರಿಗೆ ಹೇಳದೆ ಕೊಟ್ಟ ಹಣವಾದುದರಿಂದ ಇದು ಸದ್ದಿಲ್ಲದೆ ಮುಳುಗುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವೆಯಲ್ಲಿನ ಲೋಪಕ್ಕೆ ಪರಿಹಾರ ಕೇಳಬಹುದು. ಎರಡು ವರ್ಷಗಳ ಒಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬೇಕು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ಸಲ್ಲಿಸಬಹುದು. ಸಲಹೆಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಮೊದಲ ದಿನದಿಂದಲೇ ರಸೀದಿ, ಮೊಬೈಲ್ ಪಾವತಿಯ ದಾಖಲೆ, ಮೊದಲಿನ ಮತ್ತು ನಂತರದ ಭಾವಚಿತ್ರ, ವೈದ್ಯರ ಚೀಟಿ ಜೋಪಾನವಾಗಿಡಬೇಕು. ನಿಷಿದ್ಧವಾದುದನ್ನು ಮಾಡಿಸಿಕೊಂಡು ಪರಿಹಾರ ಕೇಳುವುದು ತರವೇ ಎಂದು ಒಬ್ಬ ಹಿರಿಯರು ನಮ್ಮನ್ನು ಕೇಳಿದರು. ಹುಡುಗಿಯ ತಪ್ಪಿಗೆ ಆಕೆ ಅಲ್ಲಾಹನಲ್ಲಿ ಕ್ಷಮೆ ಕೇಳಿದ್ದಾಳೆ. ವರ್ಷದಲ್ಲಿ ಮಾಯವಾಗುತ್ತದೆ, ಇದು ಹಚ್ಚೆಯಲ್ಲ ಎಂದು ಸುಳ್ಳು ಹೇಳಿ ಹಣ ಪಡೆದವರ ತಪ್ಪು ಇನ್ನೊಂದು. ಎರಡನೆಯದನ್ನು ಮೊದಲನೆಯದು ಹೇಗೆ ತೊಡೆದುಹಾಕುತ್ತದೆ?

ಹಾಗೆಂದು ಪಾರ್ಲರಿನ ಹೆಣ್ಣುಮಕ್ಕಳ ಮೇಲೆ ಬೀಳುವುದೂ ನಮಗೆ ಇಷ್ಟವಿಲ್ಲ. ಅವರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ, ಗಂಡನ ದುಡಿಮೆ ಸಾಲದೆ ಕೆಲವೇ ದಿನಗಳ ತರಬೇತಿ ಪಡೆದು ಅಂಗಡಿ ತೆರೆದವರು. ಮೆಹಂದಿ, ಕೂದಲಿನ ಆರೈಕೆ, ಮದುವಣಗಿತ್ತಿಯ ಅಲಂಕಾರಗಳಿಂದ ಅವರಿಗೆ ಧಾರಾಳ ಸಂಪಾದನೆಯಿದೆ. ಸೂಜಿ ಹಿಡಿಯಬೇಡಿ ಎಂದು ಅವರಿಗೆ ಒಳ್ಳೆಯ ಮಾತಿನಲ್ಲಿ ಹೇಳಬೇಕಾದವರು ಅವರ ನೆರೆಯ ಹೆಂಗಸರೇ.

ಹುಬ್ಬು ತೆಳುವಾದುದೇಕೆ ಎಂದು ಈ ಹುಡುಗಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಎಂಬುದು ನಮಗೆ ಹೆಚ್ಚು ನೋವು ತಂದ ಸಂಗತಿ. ಹುಬ್ಬಿನ ಹೊರ ಅಂಚು ಉದುರುವುದು ಥೈರಾಯ್ಡ್ ಕೊರತೆಯ ಒಂದು ಲಕ್ಷಣವಾಗಿರಬಹುದು. ವೃತ್ತಾಕಾರವಾಗಿ ಕೂದಲು ಉದುರುವ ರೋಗದಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ, ಕುಷ್ಠರೋಗದ ಒಂದು ಬಗೆಯಲ್ಲಿ ಹುಬ್ಬು ಹೋಗುವುದುಂಟು. ಇವುಗಳ ಮೇಲೆ ಬಣ್ಣ ಬಳಿದರೆ ರೋಗ ಬಣ್ಣದ ಅಡಿಯಲ್ಲಿ ಬೆಳೆಯುತ್ತಿರುತ್ತದೆ. ರೋಗದಿಂದ ಹುಬ್ಬು ಕಳೆದುಕೊಂಡವರ ವಿಧಿಯನ್ನು ಕೂಡ ಚೆಲುವಿನ ಹಂಬಲದವರ ವಿಧಿಯೊಂದಿಗೆ ಕಲಸಬಾರದು. ಇಬ್ನು ಅಬ್ಬಾಸ್(ರ) ಅವರಿಂದ ಅಬೂದಾವೂದ್‌ನಲ್ಲಿ ಬಂದಿರುವ ವರದಿ ಕಾಯಿಲೆಯ ಕಾರಣವನ್ನು ನಿಷೇಧದಿಂದ ಹೊರತುಪಡಿಸಿದೆ. ಇಸ್ಲಾಮಿಗೆ ಮುಂಚಿನ ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜಾ ಬಿನ್ ಅಸ್‌ಅದ್(ರ) ಬೆಳ್ಳಿಯ ಮೂಗು ಹಾಕಿಸಿಕೊಂಡಿದ್ದರು, ಅದು ದುರ್ವಾಸನೆ ಬೀರತೊಡಗಿದಾಗ ಚಿನ್ನದ ಮೂಗನ್ನು ಮಾಡಿಸಿಕೊಳ್ಳಲು ಪ್ರವಾದಿಯವರು(ಸ) ಅಪ್ಪಣೆ ಕೊಟ್ಟರು. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ. ಇಂತಹವರು ಆಲಿಮರಲ್ಲಿಯೂ ವೈದ್ಯರಲ್ಲಿಯೂ ಕೇಳಿ ನಿರ್ಧರಿಸಲಿ. ತೊಳೆದರೆ ಹೋಗುವ ಪೆನ್ಸಿಲ್ಲಿನ ಗೆರೆ ಇರುವಾಗ ಅನೇಕರಿಗೆ ಸೂಜಿಯ ಅಗತ್ಯವೇ ಬೀಳದು.

ಹೆಣ್ಣು ನೋಡಲು ಹೋಗುವಾಗ ನಾವು ಮಾಡುವುದೇನು? ಮೂಗು ಚಪ್ಪಟೆ, ಬಣ್ಣ ಕಪ್ಪು, ಹುಬ್ಬು ತೆಳು ಎಂದು ಚಹಾ ಕುಡಿಯುತ್ತಲೇ ಅಳೆಯುತ್ತೇವೆ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಾಳೆ. ನಂತರ ಆಕೆ ಹುಬ್ಬು ಬರೆಸಿಕೊಂಡು ಬಂದರೆ ಸೃಷ್ಟಿಯನ್ನು ಬದಲಿಸಿದಳೆಂದು ಶಾಪದ ಹದೀಸ್ ಓದುತ್ತೇವೆ. ಅಲ್ಲಾಹನು ಕೊಟ್ಟ ರೂಪವನ್ನು ಮೊದಲು ಕುಂದೆಂದು ಕರೆದವರು ನಾವು. ನಲ್ಲೂರಿನ, ಚನ್ನಗಿರಿಯ ಮಸೀದಿಗಳಲ್ಲಿ ನಿಕಾಹ್‌ಗೆ ಮುಂಚಿನ ಉಪದೇಶಗಳಲ್ಲಿ ವರದಕ್ಷಿಣೆಯ ಜೊತೆಗೆ ಈ ಮಾತನ್ನೂ ಸೇರಿಸಬೇಕೆಂದು ಜಮಾಅತಿನ ಹಿರಿಯರಲ್ಲಿ ನಾವು ವಿನಂತಿಸಿದ್ದೇವೆ. ಒಬ್ಬರು ಒಪ್ಪಿದರು. ಇನ್ನೊಬ್ಬರು, ಇದೆಲ್ಲ ಹೆಂಗಸರ ವಿಷಯ ಎಂದರು. ಅವರ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ ಎಂಬುದು ನಮಗೆ ಗೊತ್ತು.

ಆ ಸಹೋದರಿಯ ಚಿಕಿತ್ಸೆ ನಡೆಯುತ್ತಿದೆ. ಪರೀಕ್ಷೆಯ ಚುಕ್ಕೆ ನಿರೀಕ್ಷಿಸಿದಂತೆ ಬೂದಿಯಾಯಿತು, ಎರಡನೆಯ ಸಲಕ್ಕೆ ತಿಳಿಯಾಗತೊಡಗಿತು. ಮೈಬಣ್ಣ ತುಂಬಿದ ಜಾಗ ಪೂರ್ತಿ ಸರಿಹೋಗುವುದೆಂದು ವೈದ್ಯರು ಮಾತು ಕೊಟ್ಟಿಲ್ಲ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ಕಂಡುಬಂದು ಮಾತ್ರೆ ಶುರುವಾಗಿದೆ. ಕಳೆದ ವಾರ ಆಕೆ ತರಗತಿಗೆ ಬಂದಿದ್ದಳು. ಶಾಪದ ಹದೀಸ್ ಓದಿದ್ದ ಖಾಲಾ ಎದ್ದು ಹೋಗಿ ಆಕೆಯನ್ನು ಕೈ ಹಿಡಿದು ಕರೆತಂದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರಂತೆ, ಏನೂ ಹೇಳಲಿಲ್ಲವಂತೆ. ಅಂದು ಅಲ್‌ಹುಜುರಾತ್ ಅಧ್ಯಾಯದ ಪಾಠವಿತ್ತು. ಎಲ್ಲರಿಗಿಂತ ಮೊದಲು ಅವಳಿಂದಲೇ ಓದಿಸಿದರಂತೆ.